ಶೆಲ್‌ ತುಂಬ ನಾನು ಬರೆಯದ ಫಂಕ್ಷನ್‌ಗಳು: ಅವನ್ನು ಹೇಗೆ ಖಾಲಿ ಮಾಡಿದೆ

ಉಬುಂಟು ಅನ್ನೋ ಲಿನಕ್ಸ್‌ನಲ್ಲಿ ಟರ್ಮಿನಲ್ ತೆಗೆದು ಸುಮ್ನೆ ‘ಸೆಟ್’ ಅಂತ ಟೈಪ್ ಮಾಡಿ ಎಂಟರ್ ಒತ್ತಿ ನೋಡಿ. ನಿಮಗೆ ಬೇಕಾಗಿದ್ದು ಒಂದೆರಡು ವೇರಿಯಬಲ್. ಪರದೆ ಮೇಲೆ ಓಡೋದು ಮಾತ್ರ ಪುಟಗಟ್ಟಲೆ ಕೋಡ್, ಅದೂ ಅಂಡರ್‌ಸ್ಕೋರ್‌ನಿಂದ ಶುರುವಾಗುವ, ಯಾವತ್ತೂ ಕೇಳದ ಹೆಸರುಗಳು. ಅವೇ ಫಂಕ್ಷನ್‌ಗಳು, ಅಂದರೆ ಒಂದು ಹೆಸರಿಟ್ಟು ಕಟ್ಟಿದ ಕಮ್ಯಾಂಡ್‌ಗಳ ಗಂಟು.

ತುಮಕೂರಿನಲ್ಲಿ ಒಂದು ಸಣ್ಣ ಆಫೀಸಿನ ಲಿನಕ್ಸ್ ಮಷೀನ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ವಸಂತನರಸಾಪುರದ ಕಡೆಯ ಕೆಲವು ಫ್ಯಾಕ್ಟರಿಗಳ ಸ್ಟಾಕ್ ಲೆಕ್ಕ ನಮ್ಮ ಸರ್ವರ್ ಮೇಲೆ ನಡೆಯುತ್ತದೆ. ಊರಿನ ಇಂಜಿನಿಯರಿಂಗ್ ಕಾಲೇಜುಗಳಿಂದ ಹುಡುಗರು ಇಂಟರ್ನ್‌ಶಿಪ್‌ಗೆ ಬರುತ್ತಾರೆ. ಅವರಲ್ಲೊಬ್ಬ ಈ ರಾಶಿ ನೋಡಿ, “ಸಾರ್, ಇದನ್ನೆಲ್ಲ ಡಿಲೀಟ್ ಮಾಡಿಬಿಡ್ಲಾ?” ಅಂದ. “ತಡಿಯಪ್ಪ, ಯಾರು ತಂದು ಹಾಕಿದ್ದು ಅಂತ ಮೊದಲು ನೋಡೋಣ” ಅಂದೆ.

ಮೊದಲು ಗೊತ್ತಿರಬೇಕಾದ್ದು, ಬ್ಯಾಷ್ (ನಾವು ಟೈಪ್ ಮಾಡಿದ ಕಮ್ಯಾಂಡ್ ಓದಿ ನಡೆಸುವ ಶೆಲ್) ತಾನಾಗಿ ಒಂದು ಫಂಕ್ಷನ್ ಕೂಡ ತರುವುದಿಲ್ಲ. ಅದರ ಒಳಗೇ ಇರುವ ಕಮ್ಯಾಂಡ್‌ಗಳು, ಅಂದರೆ ಬಿಲ್ಟ್‌ಇನ್‌ಗಳೇ ಬೇರೆ, ಫಂಕ್ಷನ್‌ಗಳೇ ಬೇರೆ. ‘ಎನ್ವ್ ಮೈನಸ್ ಐ’ ಹಾಕಿ, ಅದರ ಮುಂದೆ ಬ್ಯಾಷ್‌ ಅನ್ನು ನೋ-ಆರ್‌ಸಿ, ನೋ-ಪ್ರೊಫೈಲ್ ಅಂತ ಎರಡು ಆಪ್ಷನ್ ಕೊಟ್ಟು ಎಬ್ಬಿಸಿ. ಆಮೇಲೆ ಫಂಕ್ಷನ್‌ಗಳ ಪಟ್ಟಿ ಕೊಡುವ ‘ಡಿಕ್ಲೇರ್ ಮೈನಸ್ ಕ್ಯಾಪಿಟಲ್ ಎಫ್’ ಹೊಡೆಯಿರಿ. ಏನೂ ಬರುವುದಿಲ್ಲ. ಅಂದರೆ ಕಾಣುವ ಪ್ರತಿಯೊಂದನ್ನೂ ಯಾವುದೋ ಸ್ಟಾರ್ಟ್‌ಅಪ್ ಫೈಲೋ, ಎನ್ವಿರಾನ್‌ಮೆಂಟೋ (ಒಂದು ಪ್ರೋಗ್ರಾಂ ತಾನು ಎಬ್ಬಿಸಿದ ಇನ್ನೊಂದಕ್ಕೆ ದಾಟಿಸುವ ವೇರಿಯಬಲ್‌ಗಳು) ತಂದು ಹಾಕಿದೆ.

ಯಾವ ಫೈಲ್ ಅಂತ ಬ್ಯಾಷ್‌ನನ್ನೇ ಕೇಳಬಹುದು, ಇದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ‘ಶಾಪ್ಟ್ ಮೈನಸ್ ಎಸ್ ಎಕ್ಸ್‌ಟಿಡಿಬಗ್’ ಆನ್ ಮಾಡಿ, ಡಿಕ್ಲೇರ್ ಮೈನಸ್ ಕ್ಯಾಪಿಟಲ್ ಎಫ್ ಮುಂದೆ ಫಂಕ್ಷನ್ ಹೆಸರು ಕೊಟ್ಟರೆ ಲೈನ್ ನಂಬರ್ ಸಮೇತ ಫೈಲ್ ಹೆಸರು ಹೇಳುತ್ತದೆ. ನಮ್ಮಲ್ಲಿ ಬಹುಪಾಲು ಬಂದಿದ್ದು ಬ್ಯಾಷ್-ಕಂಪ್ಲೀಷನ್ ಪ್ಯಾಕೇಜ್‌ನಿಂದ. ಟ್ಯಾಬ್ ಒತ್ತಿದಾಗ ಉಳಿದರ್ಧ ತುಂಬಿಸುತ್ತದಲ್ಲ, ಅದರ ಸರಂಜಾಮು. ಒಂದು ಸೆಷನ್‌ನಲ್ಲೇ ಅದು ಬೆಳೆಯುತ್ತಾ ಹೋಗುತ್ತದೆ. ಗಿಟ್ ಅಂತ ಬರೆದು ಟ್ಯಾಬ್ ಒತ್ತಿದರೆ ಗಿಟ್‌ನ ಕಂಪ್ಲೀಷನ್ ಫೈಲ್ ಆಗ ಲೋಡ್ ಆಗಿ, ಅದೊಂದೇ ನೂರಕ್ಕೂ ಜಾಸ್ತಿ ಫಂಕ್ಷನ್ ತಂದು ಸುರಿಯುತ್ತದೆ.

ಇವನ್ನು ‘ಅನ್‌ಸೆಟ್ ಮೈನಸ್ ಎಫ್’ ಹಾಕಿ ಒಂದೊಂದಾಗಿ ಕಿತ್ತರೆ ಕೆಲಸ ಕೆಡುತ್ತದೆ. ಫಂಕ್ಷನ್ ಹೋಗುತ್ತದೆ, ಆದರೆ ಟ್ಯಾಬ್ ಒತ್ತಿದಾಗ ಅದನ್ನೇ ಕರೆಯಬೇಕು ಅನ್ನುವ ಕಟ್ಟಳೆ ಹಾಗೇ ಉಳಿಯುತ್ತದೆ, ಅದಕ್ಕೇ ಟ್ಯಾಬ್ ಒತ್ತಿದಾಗೆಲ್ಲ ಫಂಕ್ಷನ್ ಸಿಗಲಿಲ್ಲ ಅಂತ ಶೆಲ್ ಗೊಣಗುತ್ತದೆ. ಕೀಳಲೇಬೇಕಂದ್ರೆ ‘ಕಂಪ್ಲೀಟ್ ಮೈನಸ್ ಆರ್’ ಕೂಡ ಬೇಕು. ನಾನು ಬುಡಕ್ಕೇ ಹೋದೆ. ಸರ್ವರ್‌ನ ಬ್ಯಾಷ್‌ಆರ್‌ಸಿಯಲ್ಲಿ (ಶೆಲ್ ಶುರುವಾದಾಗ ಓದುವ ಫೈಲ್) ಕಂಪ್ಲೀಷನ್ ಫೈಲ್ ಸೋರ್ಸ್ ಮಾಡುವ, ಅಂದರೆ ಓದಿಸಿಕೊಳ್ಳುವ ತುಂಡಿಗೆ ಕಾಮೆಂಟ್ ಹಾಕಿದೆ. ಲಾಗಿನ್ ಆದಾಗ ಓದುವ ಫೈಲ್‌ಗಳಿರುವ, ಇಟಿಸಿ ಕೆಳಗಿನ ಪ್ರೊಫೈಲ್‌.ಡಿಯಲ್ಲೂ ಒಂದು ಫೈಲ್ ಇರುತ್ತದೆ, ಅದನ್ನು ಮರೆಯಬೇಡಿ. ನನ್ನ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಹಾಗೇ ಬಿಟ್ಟಿದ್ದೇನೆ, ಟ್ಯಾಬ್ ಇಲ್ಲದೆ ಯಾರು ಬದುಕುತ್ತಾರೆ. ಬರೀ ವೇರಿಯಬಲ್ ನೋಡಬೇಕಾದರೆ ಬ್ರಾಕೆಟ್ ಒಳಗೆ ‘ಸೆಟ್ ಮೈನಸ್ ಓ ಪಾಸಿಕ್ಸ್’, ಸೆಮಿಕೋಲನ್, ‘ಸೆಟ್’. ಪಾಸಿಕ್ಸ್ (ಶೆಲ್‌ಗಳಿಗೆ ಸಾಮಾನ್ಯವಾದ ಮಾನದಂಡ) ಮೋಡ್‌ನಲ್ಲಿ ಸೆಟ್ ಫಂಕ್ಷನ್‌ಗಳನ್ನು ತೋರಿಸುವುದಿಲ್ಲ.

ನೋಡ್.ಜೆಎಸ್ (ಜಾವಾಸ್ಕ್ರಿಪ್ಟ್ ಓಡಿಸುವ ಪ್ರೋಗ್ರಾಂ) ವರ್ಷನ್ ಬದಲಾಯಿಸುವ ಎನ್‌ವಿಎಂ ಹಾಕಿಕೊಂಡವರ ಶೆಲ್‌ನಲ್ಲಿ ಫಂಕ್ಷನ್‌ಗಳ ಇನ್ನೊಂದು ಉದ್ದ ಸಾಲು ಇರುತ್ತದೆ. ಅದಕ್ಕೆ ಎನ್‌ವಿಎಂ ಅನ್ನೋ ಹೆಸರಿನ ಪುಟ್ಟ ಫಂಕ್ಷನ್ ಬರೆದೆ. ಮೊದಲ ಸಲ ಕರೆದಾಗ ಅದು ತನ್ನನ್ನು ತಾನೇ ಅನ್‌ಸೆಟ್ ಮಾಡಿಕೊಂಡು, ನಿಜವಾದ ಫೈಲ್ ಸೋರ್ಸ್ ಮಾಡಿ, ಕೊಟ್ಟ ಆರ್ಗ್ಯುಮೆಂಟ್‌ಗಳನ್ನು ದಾಟಿಸುತ್ತದೆ. ಅಲ್ಲಿಯವರೆಗೆ ನೋಡ್.ಜೆಎಸ್ ಪಾಥ್‌ನಲ್ಲಿ (ಶೆಲ್ ಪ್ರೋಗ್ರಾಂ ಹುಡುಕುವ ಫೋಲ್ಡರ್‌ಗಳ ಪಟ್ಟಿ) ಇರುವುದಿಲ್ಲ, ಅಷ್ಟು ನೆನಪಿರಲಿ.

ಇಷ್ಟೂ ಬರೀ ಕಣ್ಣಿಗೆ ಕಿರಿಕಿರಿ. ಇಂಟರಾಕ್ಟಿವ್ ಶೆಲ್‌ನಲ್ಲಿ ಎಷ್ಟೇ ಇದ್ದರೂ ಸ್ಕ್ರಿಪ್ಟ್‌ಗೆ ಅವು ತಲುಪುವುದಿಲ್ಲ. ತಲುಪುವುದು ಎಕ್ಸ್‌ಪೋರ್ಟ್ ಆದ, ಅಂದರೆ ಎನ್ವಿರಾನ್‌ಮೆಂಟ್ ಮೂಲಕ ದಾಟಿಸಿದ ಫಂಕ್ಷನ್‌ಗಳು, ನಿಜವಾದ ತಲೆನೋವು ಅವೇ.

ನಮ್ಮಲ್ಲಿ ಹಳೇ ಲಾಗ್ ಅಳಿಸುವ ಒಂದು ಸ್ಕ್ರಿಪ್ಟ್ ಇದೆ. ಹೊತ್ತಿಗೆ ಸರಿಯಾಗಿ ತಾನೇ ಕೆಲಸ ನಡೆಸುವ ಕ್ರಾನ್‌ನಲ್ಲಿ ಓಡಿದರೆ ಸರಿಯಾಗಿ ಅಳಿಸುತ್ತಿತ್ತು. ಅದನ್ನೇ ಕೈಯಲ್ಲಿ ಓಡಿಸಿದರೆ ಫೈಲ್‌ಗಳು ಹೋದಂತೆ ಕಂಡರೂ ಡಿಸ್ಕ್‌ನಲ್ಲಿ ಜಾಗ ಮಾತ್ರ ಬರುತ್ತಿರಲಿಲ್ಲ. ಅಡ್ಮಿನ್ ಅಧಿಕಾರದಲ್ಲಿ ಓಡಿಸುವ ಸುಡೊ ಹಾಕಿದರೆ ಮತ್ತೆ ಸರಿ. ‘ಎಸ್‌ಎಚ್’ ಅಂತ ಮುಂದೆ ಬರೆದು ಓಡಿಸಿದರೂ ಸರಿ! ಪರ್ಮಿಷನ್ ಸಮಸ್ಯೆ ಅಂತ ಹುಡುಗರು ಜಗಳಕ್ಕೇ ನಿಂತರು. ಸ್ಕ್ರಿಪ್ಟ್ ಒಳಗೆ ‘ಟೈಪ್ ಮೈನಸ್ ಎ ಆರ್‌ಎಂ’ ಅಂತ ಒಂದು ಸಾಲು ಸೇರಿಸಿದೆ. ಫೈಲ್ ಅಳಿಸುವ ಕಮ್ಯಾಂಡ್ ಆದ ಆರ್‌ಎಂ ಒಂದು ಫಂಕ್ಷನ್ ಅಂತ ಬಂತು.

ಮುಂಚೆ ಈ ಮಷೀನ್ ಸೆಟ್ ಮಾಡಿಕೊಟ್ಟವರು ಪ್ರೊಫೈಲ್‌.ಡಿಯಲ್ಲಿ ಒಂದು ಫೈಲ್ ಇಟ್ಟು, ಅಳಿಸುವ ಬದಲು ಹೋಮ್‌ನಲ್ಲಿ ಅಡಗಿದ ಕಸದ ಫೋಲ್ಡರ್‌ಗೆ ಸರಿಸುವ ಆರ್‌ಎಂ ಬರೆದು, ‘ಎಕ್ಸ್‌ಪೋರ್ಟ್ ಮೈನಸ್ ಎಫ್’ ಕೂಡ ಮಾಡಿದ್ದರು. ಉದ್ದೇಶ ಒಳ್ಳೆಯದೇ, ಅಲ್ವಾ? ಆದರೆ ಹೆಸರು ಹುಡುಕುವಾಗ ಬ್ಯಾಷ್ ಮೊದಲು ಫಂಕ್ಷನ್, ಆಮೇಲೆ ಬಿಲ್ಟ್‌ಇನ್, ಕೊನೆಗೆ ಪಾಥ್ ನೋಡುತ್ತದೆ. ಎಕ್ಸ್‌ಪೋರ್ಟ್ ಆದ ಫಂಕ್ಷನ್ ‘ಬ್ಯಾಷ್ ಫಂಕ್’ ಅಂತ ಶುರುವಾಗುವ ಎನ್ವಿರಾನ್‌ಮೆಂಟ್ ವೇರಿಯಬಲ್ ಆಗಿ ಮಗು ಪ್ರೋಸೆಸ್‌ಗೆ ಹೋಗುತ್ತದೆ. ಹಾಗಾಗಿ ಕೈಯಲ್ಲಿ ಓಡಿಸಿದ ಸ್ಕ್ರಿಪ್ಟ್‌ಗೂ ಬಂತು. ಕ್ರಾನ್‌ಗೆ ಲಾಗಿನ್ ಫೈಲ್‌ಗಳ ಸಂಬಂಧವಿಲ್ಲ. ಸುಡೊ ಇಂಥ ವೇರಿಯಬಲ್‌ಗಳನ್ನು ಕಿತ್ತುಹಾಕುತ್ತದೆ. ಉಬುಂಟುವಿನ ಎಸ್‌ಎಚ್ ಅಂದರೆ ಡ್ಯಾಷ್ ಅನ್ನೋ ಬೇರೆ ಶೆಲ್, ಅದಕ್ಕೆ ಇವು ಅರ್ಥವೇ ಆಗುವುದಿಲ್ಲ. 2014ರ ಸೆಪ್ಟೆಂಬರ್‌ನಲ್ಲಿ ಊರೆಲ್ಲ ಗಲಾಟೆ ಎಬ್ಬಿಸಿದ ಶೆಲ್‌ಶಾಕ್ ಅನ್ನೋ ಬ್ಯಾಷ್‌ನ ಭದ್ರತಾ ಹುಳುಕು ಇದ್ದದ್ದೂ ಇದೇ ಜಾಗದಲ್ಲಿ, ಎನ್ವಿರಾನ್‌ಮೆಂಟ್‌ನಿಂದ ಫಂಕ್ಷನ್ ಓದಿಕೊಳ್ಳುವ ಕಡೆ. ಈಗಿರುವ ಆ ಹೆಸರಿನ ರೂಪ ಬಂದದ್ದೇ ಅದನ್ನು ಸರಿಪಡಿಸುವಾಗ.

ಎಕ್ಸ್‌ಪೋರ್ಟ್ ಸಾಲು ತೆಗೆದೆ, ಫಂಕ್ಷನ್ ಹೆಸರನ್ನೂ ಬದಲಾಯಿಸಿದೆ. ಮುಖ್ಯವಾದ ಸ್ಕ್ರಿಪ್ಟ್‌ಗಳ ಮೊದಲ ಸಾಲಿನಲ್ಲಿ ಬ್ಯಾಷ್‌ಗೆ ‘ಮೈನಸ್ ಪಿ’ ಕೊಟ್ಟೆ. ಹಾಗೆ ಕೊಟ್ಟರೆ ಅದು ಎನ್ವಿರಾನ್‌ಮೆಂಟ್‌ನಿಂದ ಫಂಕ್ಷನ್ ತೆಗೆದುಕೊಳ್ಳುವುದಿಲ್ಲ, ‘ಬ್ಯಾಷ್ ಎನ್ವ್’ ಅನ್ನೋ ವೇರಿಯಬಲ್ ಹೇಳಿದ ಫೈಲನ್ನೂ ಓದುವುದಿಲ್ಲ. ಮೊದಲ ಸಾಲು ಎನ್ವ್ ಮೂಲಕ ಬ್ಯಾಷ್ ಕರೆಯುವಂತಿದ್ದರೆ ಮೈನಸ್ ಪಿ ನಡೆಯುವುದಿಲ್ಲ. ಲಿನಕ್ಸ್ ‘ಬ್ಯಾಷ್’, ‘ಮೈನಸ್ ಪಿ’ ಎರಡನ್ನೂ ಸೇರಿಸಿ ಒಂದೇ ಆರ್ಗ್ಯುಮೆಂಟ್ ಅಂತ ದಾಟಿಸುತ್ತದೆ, ಆ ಹೆಸರಿನ ಪ್ರೋಗ್ರಾಂ ಎಲ್ಲಿರಬೇಕು? ಬ್ಯಾಷ್‌ನ ಪೂರ್ತಿ ಪಾಥ್ ಬರೆಯಿರಿ.

ನಮ್ಮದೇ ಫಂಕ್ಷನ್‌ಗಳಿಗೆ ಈಗ ‘ತುಮ್ ಅಂಡರ್‌ಸ್ಕೋರ್’ ಅಂತ ಒಂದೇ ಮುಂಗುರುತು. ‘ಕಾಂಪ್‌ಜೆನ್ ಮೈನಸ್ ಕ್ಯಾಪಿಟಲ್ ಎ ಫಂಕ್ಷನ್’ ಮುಂದೆ ಅದನ್ನು ಬರೆದರೆ ನಮ್ಮವಷ್ಟೇ ಸಾಲಾಗಿ ಬರುತ್ತವೆ. ಸಿಸ್ಟಂ ತಂದದ್ದರಲ್ಲಿ ‘ಕಮ್ಯಾಂಡ್ ನಾಟ್ ಫೌಂಡ್ ಹ್ಯಾಂಡಲ್’ ಒಂದನ್ನು ಹುಡುಗರ ಮಷೀನ್‌ಗಳಲ್ಲಿ ಉಳಿಸಿದೆ, ಯಾವ ಪ್ಯಾಕೇಜ್ ಹಾಕಬೇಕು ಅಂತ ಅದು ಹೇಳಿಕೊಡುತ್ತದೆ. ಸರ್ವರ್‌ನಲ್ಲಿ ಅದರ ಅಗತ್ಯವಿಲ್ಲ. ಅಲ್ಲಿ ಬ್ಯಾಷ್‌ಆರ್‌ಸಿಯ ಕೊನೆಗೆ ಅನ್‌ಸೆಟ್ ಸಾಲು ಹಾಕಿದ್ದೇನೆ.