ಮೆಣಸು ಕೊಯ್ಲಿಗೆ ಏಣಿ ಎತ್ತುವ ಮೊದಲು ಸ್ವಲ್ಪ ನಗಿಸಿ

ಚಿಕ್ಕಮಗಳೂರು, ಮೂಡಿಗೆರೆ ಕಡೆಯ ತೋಟದವರಿಗೆ ಒಂದು ಸಲಹೆ. ಕಾಳುಮೆಣಸು ಕೊಯ್ಲು ಶುರುವಾದ ಕೂಡಲೇ ಅಲ್ಯೂಮಿನಿಯಂ ಏಣಿಗಳು ಹೊರಗೆ ಬರುತ್ತವೆ. ಹಗುರ ನಿಜ, ಆದರೆ ಅದರಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತದೆ. ತಂತಿಗೆ ತಗುಲಿದರೆ ಹಿಡಿದವರ ಜೀವಕ್ಕೇ ಅಪಾಯ. "ಹುಷಾರು" ಅಂತ ದಿನಾ ಹೇಳಿದರೆ ಯಾರ ತಲೆಗೂ ಹೋಗುವುದಿಲ್ಲ. ನಗಿಸಿ ಹೇಳಿದ್ದು ನೆನಪಿರುತ್ತದೆ.

ಏಣಿಯ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿ: "ಮೇಲೆ ನೋಡಣ್ಣ, ಬಿಲ್ ಕಟ್ಟಿದವರನ್ನೂ ಕರೆಂಟ್ ಬಿಡಲ್ಲ!" ಕೆಳಗೆ ಏಣಿ ಹಿಡಿಯುವವರಿಗೆ ಅವತ್ತಿನ ಮಟ್ಟಿಗೆ "ಏಣಿ ಸಾಹುಕಾರ್ರು" ಅಂತ ಪಟ್ಟ ಕಟ್ಟಿ. ತಂತಿ ಹತ್ತಿರ ಏಣಿ ಹೋದರೆ ತೋಟದ ಮಾಲೀಕರನ್ನೂ ಗದರುವ ಹಕ್ಕು ಅವರದು. ನನಗೆ ಮುಖ್ಯ ಅನ್ನಿಸುವುದು ಇದೇ. ಗದರಿಸಿಕೊಂಡ ಮಾಲೀಕರು ನಕ್ಕು ಒಪ್ಪಿಕೊಂಡರೆ, "ಇಲ್ಲಿ ಏಣಿ ಇಡೋದು ಬೇಡ" ಅಂತ ಬಾಯಿಬಿಟ್ಟು ಹೇಳುವ ಧೈರ್ಯ ಕೆಲಸದವರಿಗೆ ಬರುತ್ತದೆ.

ಬಿದ್ದವರ ಮೇಲೆ, ಕನ್ನಡ ಬಾರದವರ ಮೇಲೆ ತಮಾಷೆ ಬೇಡವೇ ಬೇಡ. ಕನ್ನಡ ಬಾರದವರಿಗೂ ಅರ್ಥವಾಗುವಂತೆ ಏಣಿಯ ಮೇಲೆ ಒಂದು ಚಿತ್ರ ಬರೆಸಿ.

ನಗುವಿನ ಜೊತೆ ಕೆಲಸವೂ ಆಗಬೇಕು. ತಂತಿ ಹಾದುಹೋಗುವ ಸಾಲಿನಲ್ಲಿ ಕೊಯ್ಯುವ ಮೊದಲು ಮೆಸ್ಕಾಂಗೆ ತಿಳಿಸಿ ಲೈನ್ ಆಫ್ ಮಾಡಿಸಿ. ಹೊಸ ಏಣಿ ಕೊಳ್ಳುವುದಿದ್ದರೆ ಫೈಬರ್‌ನದೇ ತನ್ನಿ.