ಅವರ ‘ಓಕೆ’, ನಮ್ಮ ‘ಆಯ್ತು’

ಕುಶಾಲನಗರದಿಂದ ಕೊರಿಯರ್‌ನಲ್ಲಿ ಹೋದ ನಮ್ಮ ಜೇನಿನ ಬಾಟಲಿಗಳಲ್ಲಿ ಹತ್ತಕ್ಕೆ ಒಂದೆರಡು ದಾರಿಯಲ್ಲೇ ಸೋರುತ್ತಿದ್ದವು. ಜೇನು ಸೋರಿದರೆ ಏನಾಗುತ್ತೆ ಗೊತ್ತಲ್ವಾ? ರಟ್ಟಿನ ಪೆಟ್ಟಿಗೆ, ಬಿಲ್ಲು, ಪಕ್ಕದಲ್ಲಿದ್ದ ಯಾರದ್ದೋ ಪಾರ್ಸೆಲ್ಲು, ಎಲ್ಲ ಅಂಟಂಟು. ಪೇಟೆಯಲ್ಲಿ ಸಿಗುವ ಯಾವ ಮುಚ್ಚಳವೂ ನಮ್ಮ ಬಾಟಲಿಯ ಬಾಯಿಗೆ ಗಟ್ಟಿಯಾಗಿ ಕೂರುತ್ತಿರಲಿಲ್ಲ. ನಮ್ಮದೇ ಮುಚ್ಚಳ ಮಾಡಿಸೋಣ ಅಂತ ಹೊರಟೆ.

ಮೈಸೂರಿನಲ್ಲಿ ಜಾಬ್ ವರ್ಕ್ ಮಾಡುವ ಒಬ್ಬರು ಮುಚ್ಚಳ ಹೊಡೆದುಕೊಡಲು ಒಪ್ಪಿದರು. ಆದರೆ ಮೌಲ್ಡ್, ಅಂದರೆ ಕರಗಿದ ಪ್ಲಾಸ್ಟಿಕ್‌ಗೆ ಮುಚ್ಚಳದ ರೂಪ ಕೊಡುವ ಉಕ್ಕಿನ ಅಚ್ಚು, ನೀವೇ ತರಬೇಕು ಅಂದರು. ನಾಲ್ಕು ಕಡೆ ದರ ಕೇಳಿ, ಕೊನೆಗೆ ಚೀನಾದ ಜೆಜಿಯಾಂಗ್ ಪ್ರಾಂತ್ಯದ ಹ್ವಾಂಗ್ಯಾನ್‌ನಲ್ಲಿ ಒಂದು ಕಾರ್ಖಾನೆ ಹಿಡಿದೆ. ನಮ್ಮ ಕಡೆ ಕಾಫಿ ಹೇಗೋ ಆ ಊರಿಗೆ ಮೌಲ್ಡ್ ಹಾಗೆ.

ಮೊದಲ ಮೇಲ್ ಬರೆಯಲು ಒಂದು ಸಂಜೆ ಕೂತೆ. ಒಂದೂವರೆ ಪುಟ, ಚಂದದ ಇಂಗ್ಲಿಷು. ಮುಚ್ಚಳವನ್ನು ಒಂದು ಕಡೆ ‘ಕ್ಯಾಪ್’ ಅಂದಿದ್ದೆ, ಇನ್ನೊಂದು ಕಡೆ ‘ಲಿಡ್’, ಮತ್ತೊಂದು ಕಡೆ ‘ಕವರ್’. ಒಂದೇ ಪದ ಮತ್ತೆ ಮತ್ತೆ ಬಂದರೆ ಓದಲು ಚೆನ್ನಾಗಿರಲ್ಲ ಅಂತ ಶಾಲೆಯಲ್ಲಿ ಕಲಿಸಿದ್ದರಲ್ಲ, ಅದರ ಫಲ. ಮೂರನೇ ದಿನ ದರಪಟ್ಟಿ ಬಂತು. ಮೂರು ಬೇರೆ ಬೇರೆ ಮೌಲ್ಡ್‌ಗೆ ಮೂರು ದರ! ಜೊತೆಗೆ ಒಂದು ಸಾಲು: ‘ಡಿಯರ್, ಓಕೆ, ನೋ ಪ್ರಾಬ್ಲಮ್.’ ಮನೆಯವಳು ಪರದೆ ಕಡೆ ಇಣುಕಿ, “ಯಾರ್ರೀ ಇದು, ಡಿಯರ್ ಅಂತ ಬರೆಯೋಳು?” ಅಂತ ನಕ್ಕಳು.

ಆಮೇಲೆ ತಿಳಿಯಿತು. ಬರೆಯುವ ಹುಡುಗಿ ಮಾರಾಟ ವಿಭಾಗದವಳು. ಮೌಲ್ಡ್ ಡಿಸೈನ್ ಮಾಡುವವನಿಗೆ ಇಂಗ್ಲಿಷ್ ಬರಲ್ಲ. ನನ್ನ ಪತ್ರವನ್ನು ಅವಳು ಅನುವಾದದ ಆ್ಯಪ್‌ಗೆ ಹಾಕಿ, ಅಲ್ಲಲ್ಲಿ ತಿದ್ದಿ ಅವನಿಗೆ ಕೊಡುತ್ತಾಳೆ. ಅಲಂಕಾರವೆಲ್ಲ ದಾರಿಯಲ್ಲೇ ಉದುರಿ, ತಪ್ಪು ಮಾತ್ರ ತಲುಪುತ್ತದೆ. ಅಂದಿನಿಂದ ಮುಚ್ಚಳಕ್ಕೆ ಕೊನೆವರೆಗೂ ‘ಕ್ಯಾಪ್’ ಒಂದೇ ಹೆಸರು. ಒಂದು ವಾಕ್ಯಕ್ಕೆ ಒಂದೇ ವಿಷಯ. ‘ಒಳ್ಳೆ ಉಕ್ಕು ಹಾಕಿ’ ಅಂತ ಬರೆದಿದ್ದನ್ನು ಅಳಿಸಿ ‘718ಎಚ್ ಉಕ್ಕು, ಗಡಸುತನ 33ರಿಂದ 38 ಎಚ್‌ಆರ್‌ಸಿ, ಸರ್ಟಿಫಿಕೇಟ್ ಕಳಿಸಿ’ ಅಂತ ಮಾಡಿದೆ. ಒಳ್ಳೆಯದು ಅಂದರೆ ಯಾರಿಗೆ ಒಳ್ಳೆಯದು, ಅಲ್ವಾ?

ಇನ್ನು ಆ ‘ಓಕೆ’. ನನಗೆ ಜಾಸ್ತಿ ಪೆಟ್ಟು ಕೊಟ್ಟಿದ್ದು ಅದೇ. ಏನು ಕೇಳಿದರೂ ಓಕೆ. ಮುಚ್ಚಳದ ಗೋಡೆಯ ದಪ್ಪ ಸರಿ ಇದೆಯಾ? ಓಕೆ. ಸಿಂಕ್ ಮಾರ್ಕ್, ಅಂದರೆ ಮೇಲ್ಮೈಯಲ್ಲಿ ಗುಳಿ, ಬರಲ್ಲ ತಾನೇ? ನೋ ಪ್ರಾಬ್ಲಮ್. ಇವರು ಸುಮ್ನೆ ಸುಳ್ಳು ಹೇಳುತ್ತಾರೆ ಅಂತ ಸಿಟ್ಟು ಬರುತ್ತಿತ್ತು. ಆಮೇಲೆ ಒಂದು ದಿನ ಅಪ್ಪ ಫೋನಿನಲ್ಲಿ ಯಾರಿಗೋ “ಆಯ್ತು ಮಾರಾಯ, ಆಯ್ತು, ಆಯ್ತು” ಅನ್ನುವುದು ಕೇಳಿಸಿತು. ಏನಂತೆ ಅಂದೆ. “ಏನಿಲ್ಲ, ತೋಟಕ್ಕೆ ಪೈಪ್ ತಗೊಳ್ಳಿ ಅಂತಾನೆ. ಯಾರಿಗೆ ಬೇಕು?” ಅಂದರು. ನಮ್ಮ ‘ಆಯ್ತು’ ಅಂದರೆ ಒಪ್ಪಿದೆ ಅಂತ ಅಲ್ಲ, ಕೇಳಿಸಿತು ಅಂತ. ಅವರ ಓಕೆಯೂ ಅದೇ ಜಾತಿಯದು.

ಅಲ್ಲಿಂದ ಮುಂದೆ ಓಕೆ ಅಂತ ಉತ್ತರಿಸಲು ಆಗದ ಹಾಗೆ ಪ್ರಶ್ನೆ ಕೇಳಲು ಕಲಿತೆ. ‘ದಪ್ಪ ಸರಿಯಾ’ ಅಲ್ಲ, ‘ಎಲ್ಲಿ ಅತಿ ದಪ್ಪ, ಎಷ್ಟು ಮಿ.ಮೀ.?’ ಡಿಸೈನಿನ ಚಿತ್ರದ ಮೇಲೆ ಕೆಂಪು ಬಾಣ ಹಾಕಿ 1, 2, 3 ಅಂತ ನಂಬರ್ ಕೊಟ್ಟೆ. ಪಕ್ಕದಲ್ಲಿ ಒಂದು ಎಕ್ಸೆಲ್ ಹಾಳೆ. ನಂಬರ್, ನನ್ನ ಪ್ರಶ್ನೆ, ಅವರ ಉತ್ತರ, ತಾರೀಖು. ಉತ್ತರದ ಖಾನೆ ಖಾಲಿ ಇದ್ದರೆ ಅದಕ್ಕೆ ಹಳದಿ ಬಣ್ಣ. ನಾಲ್ಕು ವಾರದಲ್ಲಿ 61 ಸಾಲು ಆಯಿತು. ನಾಲ್ಕು ಮೇಲ್‌ಗಳಿಂದ ಆಗದ ಕೆಲಸ ಆ ಹಳದಿ ಖಾನೆಗಳಿಂದ ಆಯಿತು.

ಹಾಳೆಯ ಕೊನೆಯಲ್ಲಿ ಒಂದು ಪ್ರಶ್ನೆ ಸೇರಿಸಿದೆ: ‘ಇದು ನಿಮ್ಮ ಡಿಸೈನರ್‌ನ ಸ್ವಂತ ದುಡ್ಡಿನ ಮುಚ್ಚಳ ಆಗಿದ್ದರೆ ಏನು ಬದಲಾಯಿಸುತ್ತಿದ್ದರು?’ ಎರಡು ದಿನ ಸದ್ದಿಲ್ಲ. ಆಮೇಲೆ ಮೂರು ತಿದ್ದುಪಡಿ ಬಂದವು. ನಾನು 3 ಮಿ.ಮೀ. ಕೊಟ್ಟಿದ್ದ ಮೇಲ್ಭಾಗ ಜಾಸ್ತಿ ದಪ್ಪ, ತಣ್ಣಗಾಗುವಾಗ ಗುಳಿ ಬೀಳುತ್ತೆ, 1.8 ಸಾಕು ಅಂತ ಒಂದು. ಅವನಿಗೆ ಮೊದಲಿಂದಲೂ ಗೊತ್ತಿತ್ತು. ಗಿರಾಕಿ ಬರೆದಿದ್ದನ್ನು ತಪ್ಪು ಅನ್ನಲು ಸಂಕೋಚ ಅಷ್ಟೆ. ಕೇಳಿದ ಮೇಲೆ ಹೇಳಿದ.

ಬಾಟಲಿಯ ಬಾಯಿಯ ಅಳತೆಯನ್ನು ಕಾಗದದಲ್ಲಿ ಕೊಡಲು ನನಗೆ ಧೈರ್ಯ ಬರಲಿಲ್ಲ. ಗಾಜಿನ ಬಾಟಲಿ ಒಂದರ ಹಾಗೆ ಒಂದು ಇರಲ್ಲ. ಬೇರೆ ಬೇರೆ ಲಾಟ್‌ನಿಂದ 20 ಖಾಲಿ ಬಾಟಲಿ ತೆಗೆದು, ವರ್ನಿಯರ್‌ನಲ್ಲಿ ಅಳೆದು, ಒಂದೊಂದರ ಮೇಲೂ ನಂಬರ್ ಬರೆದು ಕಳಿಸಿದೆ. ಜೊತೆಗೆ ಮೈಸೂರಿನವರು ಬಳಸುವ ಪಿಪಿ (ಪಾಲಿಪ್ರೊಪಿಲೀನ್) ಪ್ಲಾಸ್ಟಿಕ್ ದಾಣಾ, ಅಂದರೆ ಕಾಳು, 25 ಕಿಲೋ ಮೂಟೆ. ಕೊರಿಯರ್ ಬಿಲ್ ನೋಡಿ ಹೊಟ್ಟೆ ಉರಿಯಿತು, ನಿಜ. ಆದರೆ ಪಿಪಿ ತಣ್ಣಗಾದಾಗ ನೂರಕ್ಕೆ 1ರಿಂದ 2.5ರವರೆಗೂ ಕುಗ್ಗುತ್ತದೆ, ಗ್ರೇಡ್ ಮೇಲೆ ಹೋಗುತ್ತೆ. 38 ಮಿ.ಮೀ. ಮುಚ್ಚಳದಲ್ಲಿ ಅರ್ಧ ಪರ್ಸೆಂಟ್ ಆಚೀಚೆ ಆದರೆ 0.19 ಮಿ.ಮೀ. ಜೇನಿಗೆ ಅಷ್ಟು ಸಂದು ಸಾಕು. ಅವರ ದಾಣಾದಲ್ಲಿ ಚೆನ್ನಾಗಿ ಕೂತ ಮುಚ್ಚಳ ನಮ್ಮ ದಾಣಾದಲ್ಲಿ ಸಡಿಲವಾದರೆ ಯಾರನ್ನು ಬೈಯೋದು? ಮುಚ್ಚಳ ಬಿಗಿ ಆಗಬೇಕಾದರೆ ಅದರ ಒಳಮೈ ಮೂಡಿಸುವ ಮೌಲ್ಡ್‌ನ ಭಾಗ, ಅಂದರೆ ಕೋರ್‌ನ ಉಕ್ಕನ್ನು ಸ್ವಲ್ಪ ಕೆತ್ತಬಹುದು, ಸಡಿಲ ಆಗಬೇಕಾದರೆ ಉಕ್ಕು ಸೇರಿಸಬೇಕು, ಅದು ರಗಳೆ. ಹಾಗಾಗಿ ಒಂದು ಕೂದಲಷ್ಟು ಸಡಿಲವಾಗಿಯೇ ಶುರು ಮಾಡಿ ಅಂತ ಬರೆದೆ. ಇದಕ್ಕೆ ಮಾತ್ರ ಓಕೆ ಬರಲಿಲ್ಲ, ‘ಗುಡ್’ ಬಂತು.

ಮಾತಾಡುವ ದಾರಿಯೇ ಒಂದು ಸಮಸ್ಯೆ. 2020ರಿಂದ ನಮ್ಮಲ್ಲಿ ಚೀನಾದವರು ಬಳಸುವ ವಿಚಾಟ್ ಆ್ಯಪ್ ಇಲ್ಲ, ಅವರಲ್ಲಿ ವಾಟ್ಸ್ಆ್ಯಪ್ ನಡೆಯಲ್ಲ. ಉಳಿದಿದ್ದು ಮೇಲ್. ಅವರ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ನಾನು ತಿಂಡಿ ಮುಗಿಸಿ 9:30ಕ್ಕೆ ಕೂರುವಾಗ ಅವರು ಊಟ ಮಾಡಿ ಸಣ್ಣ ನಿದ್ದೆಗೆ ಹೋಗುತ್ತಾರೆ. ಹಾಗಾಗಿ ಬೆಳಿಗ್ಗೆ 7ಕ್ಕೇ ಮೇಲ್ ಕಳಿಸುವ ಅಭ್ಯಾಸ ಮಾಡಿಕೊಂಡೆ. ಜುಲೈನಲ್ಲಿ ಮಳೆಗೆ ಎರಡು ದಿನ ಕರೆಂಟು, ನೆಟ್‌ವರ್ಕ್ ಎರಡೂ ಹೋದವು. ಆಮೇಲೆ ತೋಟದ ರಸ್ತೆಗೆ ಬಿದ್ದ ಮರದ ಫೋಟೋ ಕಳಿಸಿ ವಿಷಯ ಹೇಳಿದೆ. ಆ ಫೋಟೋಗೆ ಬಂದಷ್ಟು ಬೇಗ ಉತ್ತರ ಯಾವ ಪ್ರಶ್ನೆಗೂ ಬಂದಿರಲಿಲ್ಲ. ಅವರ ಹೊಸ ವರ್ಷ ಜನವರಿ ಕೊನೆಗೋ ಫೆಬ್ರವರಿಯಲ್ಲೋ ಬರುತ್ತೆ. ನಮ್ಮಲ್ಲಿ ಕಾಫಿ ಕೊಯ್ಲಿನ ಹೊತ್ತಿಗೆ ಬೇರೆ ಕೆಲಸಕ್ಕೆ ಆಳು ಸಿಗದ ಹಾಗೆ, ಆಗ ಅಲ್ಲಿ ಯಾರೂ ಸಿಗಲ್ಲ. ಊರಿಗೆ ಹೋದ ಕೆಲವರು ವಾಪಸ್ ಬರುವುದೂ ಇಲ್ಲವಂತೆ.

ಮೊದಲ ಟ್ರಯಲ್‌ಗೆ ‘ಚಂದದ ಸ್ಯಾಂಪಲ್ ಬೇಡ’ ಅಂತ ಬರೆದೆ. ಒಂದರ ಹಿಂದೆ ಒಂದು ಬಂದ 20 ಶಾಟ್ (ಒಂದು ಸಲಕ್ಕೆ ಹೊಡೆದಿದ್ದು ಒಂದು ಶಾಟ್), ರನ್ನರ್ (ಪ್ಲಾಸ್ಟಿಕ್ ಹರಿದು ಬಂದ ದಾರಿಯ ಕಡ್ಡಿ) ಕತ್ತರಿಸದೆ, ಫ್ಲ್ಯಾಶ್ (ಅಂಚಿನಲ್ಲಿ ಹೊರಬಂದ ತೆಳು ಪ್ಲಾಸ್ಟಿಕ್) ಕೆರೆಯದೆ ಹಾಗೇ ಕಳಿಸಿ, ಮೆಷಿನ್ ಸೆಟ್ಟಿಂಗಿನ ಹಾಳೆಯೂ ಬೇಕು ಅಂದೆ. ಬಂದವು. ಮೌಲ್ಡ್‌ನಲ್ಲಿ ಒಂದೊಂದು ಮುಚ್ಚಳ ಮೂಡುವ ಗುಳಿಗೆ ಕ್ಯಾವಿಟಿ ಅಂತಾರೆ. ಅಂಥ ಎರಡು ಕ್ಯಾವಿಟಿಯಿಂದ ಬಂದ ಮುಚ್ಚಳ ಸಡಿಲ. ಕೋರ್ ಕೆತ್ತಿದರು, ಎರಡನೇ ಟ್ರಯಲ್‌ನಲ್ಲಿ ಸರಿಯಾಯಿತು. ಜೇನು ತುಂಬಿ, ಬಾಟಲಿ ತಲೆಕೆಳಗೆ ಮಾಡಿ ಮೂರು ದಿನ ಇಟ್ಟೆ. ಇರುವೆ ಬರಲಿಲ್ಲ.

ಹಣ ಕಟ್ಟಿದ್ದು, ಮೌಲ್ಡ್ ನಿಂಗ್ಬೋ ಬಂದರಿನಿಂದ ಚೆನ್ನೈಗೆ ಬಂದಿದ್ದು, ಕಸ್ಟಮ್ಸ್ ಕಾಗದ, ಅದೆಲ್ಲ ಏಜೆಂಟ್ ನೋಡಿಕೊಂಡ. ಮೈಸೂರಿನಲ್ಲಿ ಕ್ರೇನ್‌ನಿಂದ ಇಳಿಸಿ ಮೆಷಿನ್‌ಗೆ ಕೂರಿಸಲು ಹೋದರೆ ಮೌಲ್ಡನ್ನು ಮೆಷಿನ್‌ನ ತೂತಿಗೆ ಸರಿಯಾಗಿ ಕೂರಿಸುವ ಲೊಕೇಟಿಂಗ್ ರಿಂಗ್ 100 ಮಿ.ಮೀ., ಮೆಷಿನ್ ತೂತು 125. ಹಾಳೆಯ 61 ಸಾಲಿನಲ್ಲಿ ಅದೊಂದು ಇರಲಿಲ್ಲ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಲೇತ್‌ನಲ್ಲಿ ಹೊಸ ರಿಂಗ್ ಮಾಡಿಸುವುದರಲ್ಲಿ ಅರ್ಧ ದಿನ ಹೋಯಿತು. ಅದನ್ನು ಹುಡುಗಿಗೆ ಫೋಟೋ ಸಮೇತ ಬರೆದೆ, ಬೈಯದೆ.

ಈಗ ಕಾಫಿ ಪುಡಿಯ ಡಬ್ಬಕ್ಕೆ ಒಂದು ಚಮಚದ ಮೌಲ್ಡ್ ಕೊಟ್ಟಿದ್ದೇನೆ. ಈ ಸಲ ಖಾಲಿ ಹಾಳೆ ಅವಳೇ ಕಳಿಸಿದಳು. ಮೊದಲ ಸಾಲು: ‘ಡಿಯರ್, ಮೆಷಿನ್ ರಿಂಗ್ 125? ಫೋಟೋ ಪ್ಲೀಸ್.’ ಗೊತ್ತಿರೋದೇ ತಾನೇ ಅಂತ ಓಕೆ ಬರೆಯಲು ಹೊರಟವನು, ಯಾಕೋ ತಡೆದು ಮೈಸೂರಿಗೆ ಫೋನ್ ಮಾಡಿದೆ.

“ಅಯ್ಯೋ, ಹೋದ ತಿಂಗಳು ಮೆಷಿನ್ ಬದಲಾಯಿಸಿದೆ ಸಾರ್,” ಅಂದರು ಅವರು. “ನಿಮಗೆ ಹೇಳೋದೇ ಮರೆತೆ.”