ಪದ್ಮಿನಿಗೆ ಇಂಜೆಕ್ಷನ್: ಪಂಪು, ಫಿಲ್ಟರ್ ಕೂರಿಸುವ ಕೆಲಸ

ಪ್ರೀಮಿಯರ್ ಪದ್ಮಿನಿಯ 1089 ಸಿಸಿ ಎಂಜಿನ್ನಿಂದ ಕಾರ್ಬೊರೇಟರ್ ಇಳಿಸಿ ಇಂಜೆಕ್ಷನ್ ಹಾಕುವಾಗ ಎಲ್ಲರ ಗಮನ ಇಸಿಯು (ಇಂಜೆಕ್ಷನ್ ನಡೆಸುವ ಕಂಪ್ಯೂಟರ್), ಸೆನ್ಸರ್, ಥ್ರಾಟಲ್ ಬಾಡಿ ಕಡೆಗೇ ಇರುತ್ತದೆ. ಗಾಡಿ ದಾರಿಯಲ್ಲಿ ಕೈಕೊಡುವುದು ಮಾತ್ರ ಹೆಚ್ಚಾಗಿ ಟ್ಯಾಂಕಿಗೂ ಪಂಪಿನ ಬಾಯಿಗೂ ನಡುವಿನ ಎರಡಡಿ ಜಾಗದಲ್ಲಿ. ದಾವಣಗೆರೆಯಲ್ಲಿ ಕೆಎ-16, ಕೆಎ-17 ನಂಬರಿನ ಹಳೆ ಗಾಡಿಗಳಿಗೆ ನಾನು ಮಾಡುವ ಕ್ರಮ ಇದು.

ಹಳೆ ಮೆಕ್ಯಾನಿಕಲ್ ಪಂಪು ಕೊಡುವುದು 3ರಿಂದ 5 ಪಿಎಸ್‌ಐ ಒತ್ತಡ. ಪೋರ್ಟ್ ಇಂಜೆಕ್ಷನ್ನಿಗೆ 3 ಬಾರ್, ಅಂದರೆ ಸುಮಾರು 43 ಪಿಎಸ್‌ಐ ಬೇಕು. ಒತ್ತಡ ಜಾಸ್ತಿ, ಆದರೆ ಕುಡಿಯುವ ಪೆಟ್ರೋಲ್ ಅಷ್ಟೇ. ಫುಲ್ ಥ್ರಾಟಲ್‌ನಲ್ಲಿ ಒಂದು ಎಚ್‌ಪಿಗೆ ಗಂಟೆಗೆ ಸುಮಾರು 230 ಗ್ರಾಂ ಹಿಡಿದು, ಎಂಜಿನ್ 50 ಎಚ್‌ಪಿ ಅಂದುಕೊಂಡರೂ ಗಂಟೆಗೆ 15-16 ಲೀಟರ್ ದಾಟುವುದಿಲ್ಲ. 3 ಬಾರ್‌ನಲ್ಲಿ ಗಂಟೆಗೆ 100 ಲೀಟರ್ ತಳ್ಳುವ ಪಂಪು ಧಾರಾಳವಾಯಿತು. ‘ದೊಡ್ಡದೇ ಹಾಕಿಬಿಡಿ ಅಣ್ಣಾ, ಇರಲಿ’ ಅನ್ನುವವರು ಬಹಳ. 255 ಲೀಟರಿನ ಪಂಪು ಹಾಕಿದರೆ ಮಿಕ್ಕ ಪೆಟ್ರೋಲೆಲ್ಲ ಸುತ್ತಿ ಸುತ್ತಿ ಬಿಸಿಯಾಗುತ್ತದೆ, ಕರೆಂಟು ಸುಮ್ಮನೆ ಹೋಗುತ್ತದೆ. ಮಿಕ್ಕಿದ್ದನ್ನು ವಾಪಸ್ ಒಯ್ಯುವ 6 ಎಂಎಂ ರಿಟರ್ನ್ ಪೈಪಿನಲ್ಲಿ ಅಷ್ಟು ಹಿಡಿಸದೆ ರೈಲಿನ (ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಪೈಪು) ಒತ್ತಡ 3 ಬಾರ್ ಮೀರಿ ಮಿಕ್ಸ್ಚರ್ ರಿಚ್ ಆಗುತ್ತದೆ, ಅಂದರೆ ಪೆಟ್ರೋಲ್ ಬೇಕಾದ್ದಕ್ಕಿಂತ ಹೆಚ್ಚು ಸೇರುತ್ತದೆ.

ಇಂಜೆಕ್ಷನ್ ಪಂಪಿಗೆ ತಳ್ಳುವುದು ಗೊತ್ತು, ಹೀರುವುದು ಗೊತ್ತಿಲ್ಲ. ಬಾಯಲ್ಲಿ ಸ್ವಲ್ಪ ಅಡ್ಡಿಯಾದರೂ ಅಲ್ಲಿ ಒತ್ತಡ ಇಳಿದು ಪೆಟ್ರೋಲ್ ಅಲ್ಲೇ ಆವಿಯಾಗುತ್ತದೆ. ಆವಿಯನ್ನು ಪಂಪು ತಳ್ಳಲಾರದು, ಒಳಗೆ ತಂಪೂ ಇಲ್ಲ, ಜಾರಿಕೆಯೂ ಇಲ್ಲ. ಏಪ್ರಿಲ್ ಬಿಸಿಲಿನಲ್ಲಿ ಚಿತ್ರದುರ್ಗ ದಾಟಿ ಹಿರಿಯೂರಿನ ಕಡೆ ಹೋಗುವಾಗ ಡಾಂಬರಿನ ಕಾವು, ಸೈಲೆನ್ಸರಿನ ಕಾವು ಎರಡೂ ಸೇರುತ್ತವೆ. ಬೆಳಿಗ್ಗೆ ಸರಿಯಿದ್ದು ಮಧ್ಯಾಹ್ನ ಮುಗ್ಗರಿಸುವ ಗಾಡಿಯ ಪಂಪು ಬದಲಿಸುವ ಮೊದಲು ಹೀರುವ ಕಡೆ ನೋಡಬೇಕು. ಗುಂಯ್ ಎನ್ನುವ ಸದ್ದು ಕೀರಲು ಸದ್ದಾಯಿತೆಂದರೆ ಬಾಯಿಗೆ ಸಾಕಷ್ಟು ಪೆಟ್ರೋಲ್ ಬರುತ್ತಿಲ್ಲ.

ಆದ್ದರಿಂದ ಮೊದಲ ಕೆಲಸ ಟ್ಯಾಂಕು. ಅದನ್ನು ಇಳಿಸಿ, ಲೀಟರ್ ಬಿಸಿನೀರಿಗೆ 100 ಗ್ರಾಂ ಸಿಟ್ರಿಕ್ ಆಸಿಡ್ ಕಲಸಿ ಒಂದು ದಿನ ತುಂಬಿಡುತ್ತೇನೆ. ಆಮೇಲೆ ಅಡುಗೆ ಸೋಡಾ ನೀರಿನಲ್ಲಿ ತೊಳೆದು, ಬ್ಲೋವರ್ ಇಟ್ಟು ತಕ್ಷಣ ಒಣಗಿಸಬೇಕು. ಒದ್ದೆ ಬಿಟ್ಟರೆ ತುಕ್ಕು ಸಂಜೆಯೊಳಗೇ ವಾಪಸ್. ಒಳಗೆ ಹಳೆ ಸೀಲರ್ ಬಳಿದಿದ್ದರೆ ಪೂರ್ತಿ ತೆಗೆಯಿರಿ. ಈಗಿನ ಇ20 (ಶೇ 20 ಎಥನಾಲ್ ಬೆರೆತ) ಪೆಟ್ರೋಲಿನ ಎಥನಾಲ್ ಎಷ್ಟೋ ಹಳೆ ಸೀಲರುಗಳನ್ನು ಮೆತ್ತಗೆ ಮಾಡಿ ಪದರ ಪದರವಾಗಿ ಎಬ್ಬಿಸುತ್ತದೆ. ವರ್ಷಗಟ್ಟಲೆ ಕೂತ ಅಂಟನ್ನೂ ಅದೇ ಸಡಿಲಿಸುತ್ತದೆ. ಬೆಸುಗೆಗೆ ಕೊಡುವಾಗ ಟ್ಯಾಂಕನ್ನು ಚೆನ್ನಾಗಿ ತೊಳೆದು, ಬೆಸುಗೆಯ ಜಾಗದ ಹತ್ತಿರದವರೆಗೆ ನೀರು ತುಂಬಿಸಿ. ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿ ಸಿಡಿಯುತ್ತದೆ, ವಾಸನೆ ಇಲ್ಲವೆಂದು ನಂಬಬೇಡಿ.

ಮೇಲಿನಿಂದ ಇಳಿದ ಹಳೆಯ ಸಣ್ಣ ಕೊಳವೆಯಿಂದ 3 ಬಾರ್ ಪಂಪಿಗೆ ನೇರವಾಗಿ ಪೆಟ್ರೋಲ್ ಕೊಡುವುದಿಲ್ಲ. ಟ್ಯಾಂಕಿಗೆ ಬೆಸುಗೆ ಹಾಕಬಹುದಾದರೆ ತಳದ ಹತ್ತಿರ 12 ಎಂಎಂ ದಾರಿಯ ಸ್ಟೀಲ್ ಸಾಕೆಟ್ ಕೂರಿಸಿ, ಅದರ ಬಾಯಿ ತಳಕ್ಕಿಂತ ಒಂದು ಸೆಂಟಿಮೀಟರ್ ಮೇಲಿರುವಂತೆ ನೋಡಿಕೊಳ್ಳುತ್ತೇನೆ. ಕೆಸರು, ನೀರು ಕೆಳಗೇ ನಿಲ್ಲುತ್ತವೆ. ರಿಟರ್ನ್ ಪೈಪು ಇದರಿಂದ ದೂರದಲ್ಲಿ, ಪೆಟ್ರೋಲಿನೊಳಗೆ ಮುಳುಗಿರಬೇಕು. ಮೇಲಿಂದ ಸುರಿದರೆ ನೊರೆ ಏಳುತ್ತದೆ, ಆ ನೊರೆಯೇ ಪಂಪಿಗೆ ಹೋಗುತ್ತದೆ.

ಟ್ಯಾಂಕು ಮುಟ್ಟುವುದು ಬೇಡವೆಂದರೆ ಸರ್ಜ್ ಪಾಟ್. ಒಂದೂವರೆ ಲೀಟರಿನ ಸಣ್ಣ ಡಬ್ಬಿ, ನೆಟ್ಟಗೆ ನಿಲ್ಲಿಸಬೇಕು. ಹಳೆ ಕೊಳವೆಯಿಂದ ಕಡಿಮೆ ಒತ್ತಡದ ಎಲೆಕ್ಟ್ರಿಕ್ ಪಂಪು ಇದಕ್ಕೆ ತುಂಬಿಸುತ್ತದೆ, ತಳದಿಂದ 3 ಬಾರ್ ಪಂಪು ತೆಗೆದುಕೊಳ್ಳುತ್ತದೆ. ರೈಲಿನ ರಿಟರ್ನ್ ಡಬ್ಬಿಯ ಮೇಲ್ಭಾಗಕ್ಕೆ, ನೆತ್ತಿಯಿಂದ ಓವರ್‌ಫ್ಲೋ ಟ್ಯಾಂಕಿಗೆ. ರಿಟರ್ನ್ ಡಬ್ಬಿಗೇ ಬರುವುದರಿಂದ ಮೊದಲ ಪಂಪು ಎಂಜಿನ್ ಕುಡಿಯುವಷ್ಟು ಕೊಟ್ಟರೂ ಲೆಕ್ಕಕ್ಕೆ ಸಾಕು. ನಾನು ಮಾತ್ರ ಗಂಟೆಗೆ 70 ಲೀಟರಿಗಿಂತ ಕಡಿಮೆಯದು ಹಾಕುವುದಿಲ್ಲ. ಹೆಚ್ಚಾದ ಪೆಟ್ರೋಲ್ ಬಿಸಿಯನ್ನೂ ಗುಳ್ಳೆಯನ್ನೂ ಟ್ಯಾಂಕಿಗೆ ಒಯ್ಯುತ್ತದೆ. ಡಬ್ಬಿ ಡಿಕ್ಕಿಯೊಳಗಿದ್ದರೆ ಆವಿ ಒಳಗೆ ಬರದಂತೆ ಪೆಟ್ಟಿಗೆ ಮಾಡಿ ಹೊರಗೆ ಗಾಳಿದಾರಿ ಕೊಡಿ.

ಫಿಲ್ಟರ್ ಎರಡು, ಅದಲುಬದಲು ಆಗಬಾರದು. 3 ಬಾರ್ ಪಂಪಿನ ಮುಂಚೆ 100 ಮೈಕ್ರಾನಿನ ತೊಳೆಯಬಹುದಾದ ಸ್ಟೀಲ್ ಜಾಲರಿ, ಪಂಪಿನ ನಂತರ 10 ಮೈಕ್ರಾನಿನ, ಲೋಹದ ಕವಚದೊಳಗೆ ಕಾಗದವಿರುವ ಇಂಜೆಕ್ಷನ್ ಫಿಲ್ಟರ್. ಪಂಪನ್ನು ಕಾಪಾಡಲು ಜಾಲರಿ, ಇಂಜೆಕ್ಟರ್ ಕಾಪಾಡಲು ಕಾಗದ. 10 ಮೈಕ್ರಾನಿನದನ್ನೇ ಮುಂಚೆ ಹಾಕುವುದೆಂದರೆ ಎಳನೀರಿನ ಸ್ಟ್ರಾ ಹಿಸುಕಿಕೊಂಡು ಹೀರಿದ ಹಾಗೆ. ಬೈಕಿನ ಪಾರದರ್ಶಕ ಪ್ಲಾಸ್ಟಿಕ್ ಫಿಲ್ಟರ್ ಪಂಪಿನ ನಂತರ ಎಂದೂ ಬೇಡ, 3 ಬಾರ್‌ಗೆ ಅದು ಒಡೆಯುತ್ತದೆ. ಬಾಣದ ಗುರುತು ಎಂಜಿನ್ ಕಡೆಗಿರಲಿ.

ಪಂಪಿನ ಬಾಯಿ ಟ್ಯಾಂಕಿನ ಅಥವಾ ಡಬ್ಬಿಯ ತಳಕ್ಕಿಂತ ಕೆಳಗಿರಬೇಕು, ಆದರೆ ಆಕ್ಸಲ್ಲಿಗಿಂತ ಕೆಳಗೆ ಜೋತಾಡಬಾರದು. ನಮ್ಮ ಹಳ್ಳಿ ರಸ್ತೆಯ ಹಂಪುಗಳು ಬಿಡುವುದಿಲ್ಲ. ಸೈಲೆನ್ಸರಿನ ಎದುರು ಬದಿಯಲ್ಲಿ ರಬ್ಬರ್ ಬುಷ್ ಮೇಲೆ ಕೂರಿಸಿ. ಇಲ್ಲದಿದ್ದರೆ ಸದ್ದು ಸೀಟಿನವರೆಗೆ ಬರುತ್ತದೆ. ಟ್ಯಾಂಕಿನೊಳಗೆ ಮುಳುಗಿರಬೇಕಾದ ಪಂಪನ್ನು ಅಗ್ಗಕ್ಕೆ ಸಿಕ್ಕಿತೆಂದು ಹೊರಗೆ ಕಟ್ಟಬೇಡಿ. ಎಂಜಿನ್ ಪಕ್ಕದ ಹಳೆ ಪಂಪು ತೆಗೆದ ಜಾಗಕ್ಕೆ ಗ್ಯಾಸ್ಕೆಟ್ ಸಮೇತ 6 ಎಂಎಂ ತಗಡಿನ ಮುಚ್ಚಳ ಹಾಕಿ, ಇಲ್ಲದಿದ್ದರೆ ಅಲ್ಲಿಂದ ಆಯಿಲ್ ಸೋರುತ್ತದೆ.

ರಬ್ಬರ್ ಪೈಪಿನ ವಿಷಯದಲ್ಲಿ ಪಿ.ಬಿ. ರಸ್ತೆಯ ಕೌಂಟರಿನಲ್ಲಿ ನಿಂತು ಪೈಪಿನ ಮೈ ಓದಿಯೇ ಕೊಳ್ಳುತ್ತೇನೆ. ‘ಎಲ್ಲಾ ಪೆಟ್ರೋಲ್ ಪೈಪೇ ಅಣ್ಣಾ, ಏನಾಗಲ್ಲ’ ಅಂದರೂ ಎಸ್‌ಎಇ ಜೆ30 ಆರ್9 ಎಂದು ಅಚ್ಚಾಗಿರಬೇಕು. ಆರ್7 ಕಾರ್ಬೊರೇಟರಿನ ಒತ್ತಡಕ್ಕೆ ಸರಿ, 3 ಬಾರ್‌ಗೆ ಅಲ್ಲ. ಆರ್9ನ ಒಳಪದರ ಎಥನಾಲಿಗೂ ತಡೆಯುತ್ತದೆ. ಟ್ಯಾಂಕಿನಿಂದ ಬಾನೆಟ್‌ವರೆಗೆ 8 ಎಂಎಂ ಸ್ಟೀಲ್ ಪೈಪು, ತುದಿಗಳಲ್ಲಿ ಮಾತ್ರ ರಬ್ಬರ್. ತಾಮ್ರ ಬೇಡ: ಅದುರಿ ಅದುರಿ ಬಿರಿಯುತ್ತದೆ, ಪೆಟ್ರೋಲನ್ನೂ ಬೇಗ ಅಂಟಾಗಿಸುತ್ತದೆ. ಪೈಪಿನ ತುದಿಗೆ ಉಬ್ಬು ಹೊಡೆಸದಿದ್ದರೆ ಎಂಥ ಕ್ಲಿಪ್ಪಾದರೂ ಒಂದು ದಿನ ಜಾರುತ್ತದೆ. ಕ್ಲಿಪ್ಪು ಅಂಚು ಮಡಚಿದ, ಒಳಮೈ ನುಣುಪಾದ ಇಂಜೆಕ್ಷನ್ ಕ್ಲಿಪ್ಪೇ ಆಗಬೇಕು. ತೂತಿನ ಪಟ್ಟಿಯದು ರಬ್ಬರನ್ನು ಕತ್ತರಿಸುತ್ತದೆ.

ವೈರಿಂಗ್: ಬ್ಯಾಟರಿಯಿಂದ 15 ಆಂಪಿಯರ್ ಫ್ಯೂಸ್, 30 ಆಂಪಿಯರ್ ರಿಲೇ, 2.5 ಚದರ ಎಂಎಂ ವೈರು. ರಿಲೇ ಹಿಡಿಯುವುದು ಇಸಿಯು, ಕೀಲಿಯಲ್ಲ. ಕೀಲಿ ತಿರುಗಿಸಿದಾಗ ಎರಡು-ಮೂರು ಸೆಕೆಂಡ್ ಓಡಿ, ಎಂಜಿನ್ ತಿರುಗದಿದ್ದರೆ ನಿಲ್ಲಬೇಕು. ಜೊತೆಗೆ ಡಿಕ್ಕಿ ಹೊಡೆದರೆ ಕರೆಂಟು ಕಡಿಯುವ ಇನರ್ಷಿಯಾ ಸ್ವಿಚ್. ಇನ್ನೂ ಡೈನಮೊ ಇರುವ ಗಾಡಿಯಾದರೆ ಮೊದಲು ಆಲ್ಟರ್ನೇಟರ್ ಹಾಕಿಸಿ. ಐಡ್ಲಿಂಗ್‌ನಲ್ಲಿ ಡೈನಮೊ ಪಂಪು, ಇಸಿಯು, ಹೆಡ್‌ಲೈಟು ಮೂರನ್ನೂ ಸಾಕಲಾರದು. ಮೀಟರ್ ಹಿಡಿಯುವುದು ಬ್ಯಾಟರಿಗಷ್ಟೇ ಅಲ್ಲ, ಓಡುತ್ತಿರುವ ಪಂಪಿನ ಟರ್ಮಿನಲ್ಲಿಗೂ. ಎರಡರ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ಕಳೆದರೆ ಅರ್ತ್ ನೋಡಿ.

ಪರೀಕ್ಷೆಗೆ ರೈಲಿನಲ್ಲಿ ಗೇಜು ಬೇಕೇ ಬೇಕು. ರೈಲಿನ ಒತ್ತಡ ಹದದಲ್ಲಿಡುವ ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪು ಕಳಚಿದಾಗ 3 ಬಾರ್, ಐಡ್ಲಿಂಗ್‌ನಲ್ಲಿ ಸಿಕ್ಕಿಸಿದಾಗ ಸುಮಾರು ಎರಡೂವರೆ. ಎಂಜಿನ್ ನಿಲ್ಲಿಸಿ, ರಿಟರ್ನ್ ಪೈಪನ್ನು ಅಳತೆ ಡಬ್ಬಿಗೆ ಬಿಟ್ಟು ಪಂಪನ್ನು 30 ಸೆಕೆಂಡ್ ಓಡಿಸಿದರೆ ಮುಕ್ಕಾಲು ಲೀಟರ್ ಹತ್ತಿರ ಬರಬೇಕು. ಒತ್ತಡ ಸರಿಯಿದ್ದು ಇದು ಕಡಿಮೆಯಾದರೆ ಹೀರುವ ಕಡೆ ಅಡ್ಡಿ, ವೋಲ್ಟೇಜ್ ನಷ್ಟ ಅಥವಾ ಕಟ್ಟಿದ ಫಿಲ್ಟರ್. ಆಫ್ ಮಾಡಿದ ಕೂಡಲೇ ಮುಳ್ಳು ಸೊನ್ನೆಗೆ ಬಿದ್ದರೆ ದೋಷ ಪಂಪಿನ ಚೆಕ್ ವಾಲ್ವ್ (ಪೆಟ್ರೋಲ್ ಹಿಂದಕ್ಕೆ ಹೋಗದಂತೆ ತಡೆಯುವುದು), ರೆಗ್ಯುಲೇಟರ್ ಅಥವಾ ಸೋರುವ ಇಂಜೆಕ್ಟರ್. ಕೊನೆಗೆ ಟ್ಯಾಂಕಿನಲ್ಲಿ ಐದು ಲೀಟರ್ ಉಳಿಸಿಕೊಂಡು ಚಿತ್ರದುರ್ಗದ ಜೋಗಿಮಟ್ಟಿ ಕಡೆಯ ಏರಿನ ತಿರುವುಗಳಲ್ಲಿ ಓಡಿಸುತ್ತೇನೆ. ತಿರುವಿನಲ್ಲಿ ಗೇಜಿನ ಮುಳ್ಳು ನಡುಗಿದರೆ ಪಂಪು ಗಾಳಿ ಕುಡಿಯುತ್ತಿದೆ.

ನೂರು ಕಿಲೋಮೀಟರ್ ಆದ ಮೇಲೆ ಜಾಲರಿ ಬಿಚ್ಚಿ ಬಿಳಿ ಬಟ್ಟೆಯ ಮೇಲೆ ತಟ್ಟಿ ನೋಡಿ. ಕೆಂಪು ಪುಡಿಯಾದರೆ ಟ್ಯಾಂಕಿನ ತುಕ್ಕು, ಕಪ್ಪು ಚೂರಾದರೆ ಪೈಪಿನ ಒಳಪದರ ಕಳಚುತ್ತಿದೆ. ಪೆಟ್ರೋಲ್ ಆರಿದ ಮೇಲೂ ಬಟ್ಟೆಯಲ್ಲಿ ಒದ್ದೆ ಉಳಿದರೆ ನೀರು. ಇ20 ತುಂಬಿ ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಗಳಲ್ಲಿ ಇದು ಸಾಮಾನ್ಯ. ಮೊದಲ 10 ಮೈಕ್ರಾನ್ ಫಿಲ್ಟರನ್ನು ಸಾವಿರ ಕಿಲೋಮೀಟರಿಗೇ ಬದಲಿಸುತ್ತೇನೆ, ಆಮೇಲಿನವು ಹತ್ತು ಸಾವಿರಕ್ಕೆ. ಬಿಚ್ಚುವ ಮೊದಲು ಪಂಪಿನ ಫ್ಯೂಸ್ ತೆಗೆದು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ಇಲ್ಲದಿದ್ದರೆ ಲೈನಿನಲ್ಲಿ ಉಳಿದ ಪೆಟ್ರೋಲ್ ಮುಖಕ್ಕೇ ಚಿಮ್ಮುತ್ತದೆ.